ಎಳ್ಳಿಗಿಂತ ಚಿಕ್ಕದು

ಕುಟಾಯಿಸಿಯ ಸಂತೆಕಟ್ಟೆಯಲ್ಲಿ ಅಕ್ರೋಟು ಮಾರುವ ವರ್ಲಾಮ್
ತನ್ನ ತಕ್ಕಡಿಯನ್ನು ಕೂಸಿನ ಹಾಗೆ ಶಾಲಿನಲ್ಲಿ ಸುತ್ತಿ ತಂದ.
ತಕ್ಕಡಿ ಎಂದರೆ ಈಗ ಎಲ್ಲಿಯ ತಕ್ಕಡಿ,
ಒಂದು ತಟ್ಟೆ, ಕೆಳಗೆ ಹಸಿರು ಅಂಕಿ.
"ಅಂಕಿ ನಡುಗುತ್ತದೆ, ತ್ಸಿಯಾಲಾ,
ಚಳಿಜ್ವರ ಬಂದ ಹಾಗೆ."

ನಾನು ಹಲ್ಲಿನ ಸೆಟ್ಟು ಮಾಡುವವಳು.
ಇಪ್ಪತ್ತಾರು ವರ್ಷ ಪರರ ಬಾಯಿಗೆ
ಮತ್ತೆ ಕಚ್ಚುವುದನ್ನು ಕಲಿಸಿದ್ದೇನೆ.
ಚಿಮಟ ಇದೆ, ಭೂತಗನ್ನಡಿ ಇದೆ,
ಅಲುಗದ ಕೈ ಇನ್ನೆರಡು ವರ್ಷಕ್ಕೆ ಇದ್ದೀತು.
"ಧಾರಾಳವಾಯಿತು" ಎಂದ.

ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದರೆ
ಉಪ್ಪಿನ ವಾಸನೆ.
ಪಕ್ಕದ ಅಂಗಡಿಯ ಲಮಾರಾಳ ಚೀಸಿನ ತೊಟ್ಟಿಯಿಂದ
ವರ್ಷಗಟ್ಟಲೆ ಸಿಡಿದ ಉಪ್ಪುನೀರು.
ಬೋರ್ಡಿನ ಒಂದು ಮೂಲೆಗೆ ಕಿಲುಬು ಹತ್ತಿ
ತಾಮ್ರದ ಗೆರೆ ಹುಣ್ಣಿನಂತೆ ಉಬ್ಬಿದೆ.
ಗೆರೆಯ ತುದಿಗೆ ಎಳ್ಳಿಗಿಂತ ಚಿಕ್ಕ ಕರಿಯ ರೆಸಿಸ್ಟರು.
ಬೆನ್ನ ಮೇಲೆ ಒಂದು, ಸೊನ್ನೆ, ಎರಡು.
ನೂರೆರಡಲ್ಲ, ಸಾವಿರ ಓಮು ಎಂದು ಅದರ ಅರ್ಥ.
ಹೆಸರಿಗಿಂತ ಹತ್ತುಪಟ್ಟು ಹೊರುತ್ತಿದ್ದ ಜೀವ,
ಚಿಮಟ ತಾಗಿದ್ದೇ ತಡ, ಪುಡಿ.

ಹೊಸವು ಹತ್ತು ಕೊಂಡಿದ್ದೆ.
ಮೊದಲನೆಯದು ಚಿಗಟದಂತೆ ಹಾರಿ
ರತ್ನಗಂಬಳಿಯ ದಾಳಿಂಬೆ ಹೂವಿನೊಳಗೆ ಹೋಯಿತು,
ಈಗಲೂ ಅಲ್ಲೇ ಇದೆ.
ಎರಡನೆಯದು ಒಂದು ಸೀನಿಗೆ.
ಮೂರನೆಯದಕ್ಕೆ ಉಸಿರು ಹಿಡಿದೆ,
ಫ್ರಿಜ್ಜೂ ಅದೇ ಹೊತ್ತಿಗೆ ಸುಮ್ಮನಾಯಿತು.
ರಾಳ ಕರಗಿ ಪೈನ್ ಮರದ ಹೊಗೆ,
ಬೆಸುಗೆ ಮಿಂಚಿ, ಹರಿದು,
ಸೊಟ್ಟಗಿಟ್ಟ ಆ ಚೂರನ್ನು ತಾನೇ ಎಳೆದು
ನೆಟ್ಟಗೆ ಕೂರಿಸಿಕೊಂಡಿತು.
ಇಂಥ ಉಪಕಾರವನ್ನು ಯಾವ ಹಲ್ಲೂ ನನಗೆ ಮಾಡಿಲ್ಲ.

ಸತ್ತ ಗೆರೆಗೆ ಕೂದಲೆಳೆಯ ತಂತಿ ಹಾಸಿ
ಸಕ್ಕರೆ ಪೊಟ್ಟಣ ಇಟ್ಟು ನೋಡಿದೆ:
ಸಾವಿರದ ಆರು. ಕಾಗದವೂ ಸೇರಿ.
ಅಂಕಿ ಅಲುಗಲಿಲ್ಲ.

ವಾರ ಕಳೆಯಿತು. ವರ್ಲಾಮ್ ಬಂದ, ಮುಖ ಸಣ್ಣದು.
"ಕೈ ಬಿಗಿಯಾಯಿತಲ್ಲ ಎನ್ನುತ್ತಾರೆ ಗಿರಾಕಿಗಳು.
ಚೀಲ ಎತ್ತಿ ನೋಡಿ ನನ್ನ ಮುಖ ನೋಡುತ್ತಾರೆ."
ಆಗ ಹೇಳಬೇಕಾಯಿತು:
ಹಳೆಯದು ಕಿಲೋಗೆ ನಲವತ್ತು ಗ್ರಾಮು ಕಡಿಮೆ ತೋರಿಸುತ್ತಿತ್ತು,
ಅಷ್ಟನ್ನು ನೀನು ಪ್ರತಿಸಲ ಮೇಲೆ ಹಾಕುತ್ತಿದ್ದೆ.
ಕೂತ. ಸಿಗರೇಟು ಪೊಟ್ಟಣದ ಬೆನ್ನ ಮೇಲೆ
ಪೆನ್ಸಿಲಿನಿಂದ ಗುಣಿಸತೊಡಗಿದ,
ಚಳಿಗಾಲ ಎಷ್ಟು, ಈಸ್ಟರು ಎಷ್ಟು, ಕಿಲೋ ಎಷ್ಟು.
ನಡುವೆ ನಿಲ್ಲಿಸಿದ.
ಯಾರ ಹತ್ತಿರ ವಸೂಲು ಮಾಡುವುದು?
ಲಮಾರಾಳ ಹತ್ತಿರವೆ? ಅವಳು ನಕ್ಕೇ ಸಾಯುತ್ತಾಳೆ.

ಭಾನುವಾರ ಮತ್ತೆ ಅದೇ ಶಾಲು, ಅದೇ ಕೂಸು.
"ಕೆಟ್ಟಿಲ್ಲ. ಸುಮ್ಮನೆ ನೋಡು,
ಅತಿಯಾಗಿ ಸರಿಯಾಗಿದೆಯೋ ಏನೋ."
ಬಿಚ್ಚಿದೆ. ಗಾಜಿನ ಕೆಳಗೆ
ನನ್ನ ಮೂರನೆಯ ಎಳ್ಳು ಥಳಥಳ ಕೂತಿತ್ತು.
ಮಾಡುವುದೇನೂ ಇರಲಿಲ್ಲ. ತಿರುಪು ಹಾಕಿದೆ.
ಎಷ್ಟಾಯಿತು ಎಂದ.
ನಾಲ್ಕು ಅಕ್ರೋಟು ಎಂದೆ.
ತಟ್ಟೆಯ ಮೇಲಿಡಲು ಹೋದವನ ಕೈ ತಡೆದು
ಎಣಿಸಿ ತೆಗೆದುಕೊಂಡೆ.