ಮೂರನೇ ಗುಂಡಿ

ಹೆಕ್ಸಮ್ ಪೇಟೆಯ ಹಾಸ್ಪೈಸ್ ಅಂಗಡಿಗೆ
ಮಂಗಳವಾರ ಬೆಳಿಗ್ಗೆಯೇ ಹೋಗಬೇಕು.
ಶನಿವಾರ, ಭಾನುವಾರ ಜನ ಅಟ್ಟ ಗುಡಿಸುತ್ತಾರೆ,
ಸೋಮವಾರ ಹಿಲ್ಡಾ ಹಿಂದಿನ ಕೋಣೆಯಲ್ಲಿ
ಆವಿಯ ಇಸ್ತ್ರಿ ಹಿಡಿದು ಸುಕ್ಕುಗಳ ಜೊತೆ ಗುದ್ದಾಡುತ್ತಾಳೆ,
ಮಂಗಳವಾರ ಎಲ್ಲ ಹೊರಗೆ, ಹ್ಯಾಂಗರಿಗೆ.

ಇದು ಯಾರೂ ಹೇಳಿಕೊಟ್ಟದ್ದಲ್ಲ,
ಹನ್ನೊಂದು ಚಳಿಗಾಲ ಕಲಿಸಿದ್ದು.

ಮೊದಲು ಬೆಲೆ ನೋಡಬಾರದು. ಒಳಮೈ ನೋಡಬೇಕು.
ಹೊಲಿಗೆಯ ಅಂಚಿನಲ್ಲಿ ಬಿಟ್ಟ ಬಟ್ಟೆ ಎಷ್ಟು,
ಜಿಪ್ಪು ಕೊನೇ ಹಲ್ಲಿನ ತನಕ ಹತ್ತುತ್ತದೋ,
ಕಂಕುಳಿಗೆ ಮೂಗಿಟ್ಟು (ನಾಚಿಕೆ ಬೇಡ)
ಸಾಬೂನೋ, ಬೆವರೋ, ನುಸಿಗುಳಿಗೆಯೋ.
ಪಿಂಗಾಣಿಯಾದರೆ ಉಗುರಿನಿಂದ ತಟ್ಟು:
ಟಣ್ ಅಂದರೆ ಗಟ್ಟಿ, ಠಪ್ ಅಂದರೆ ಎಲ್ಲೋ ಬಿರುಕು.
ಮಡಕೆ ಕೊಳ್ಳುವಾಗ ಅಜ್ಜಿ ಮಾಡುತ್ತಿದ್ದದ್ದೂ ಇದನ್ನೇ.

ಇನ್ನೊಂದು ಮಾತು.
ಒಂದೇ ಅಳತೆಯ ಹದಿನಾಲ್ಕು ಅಂಗಿ
ಒಂದೇ ದಿನ ಸಾಲಾಗಿ ತೂಗಿದರೆ
ಮೆತ್ತಗೆ ಕೈ ಹಾಕು.
ಅದು ಸೇಲ್ ಅಲ್ಲ.

ನವೆಂಬರಿನ ಆ ಮಂಗಳವಾರ
ಹದಿನಾಲ್ಕನೇ ಅಂಗಿಯ ಆಚೆಗೆ ಒಂದು ಕೋಟು.
ಗಂಡಸರದು. ಟ್ವೀಡು. ಉತ್ತ ನೆಲದ ಬಣ್ಣ,
ಹತ್ತಿರ ಹೋದರೆ ಒಳಗೊಂದು ನೀಲಿ ಎಳೆ.
ಆರು ಪೌಂಡು.
ಮೂರನೇ ಗುಂಡಿ ಮಾತ್ರ ಹಸಿರು ದಾರದಲ್ಲಿ.
ಹೊಲಿದವರಿಗೆ ಅವಸರವಿತ್ತು, ಇಲ್ಲಾ ಕಣ್ಣು ಸಾಲದು.

ತೊಟ್ಟೆ. ಭುಜ ನನ್ನನ್ನು ಸ್ವಲ್ಪ ದಾಟಿ ಹೋಯಿತು.
"ನಿನಗೇ ಕಾಯುತ್ತಿತ್ತು ನೋಡು" ಅಂದಳು ಹಿಲ್ಡಾ.
ಕಾಲು ಮುರಿದ ದೀಪ ಕೊಂಡವನಿಗೂ
ಹಾಗೇ ಅಂದಿದ್ದಳು.

ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ.
"ಯಾರು ಹಾಕಿ ಬಿಟ್ಟದ್ದೋ ಏನೋ!"
ಹೀಗಂದವಳು, ದಾವಣಗೆರೆಯ ನಮ್ಮ ಬಾಗಿಲಿಗೆ
ಹಳೇ ಬಟ್ಟೆಗೆ ಪಾತ್ರೇ... ಎಂದು ಕೂಗುತ್ತ ಬಂದವಳ ಮುಂದೆ
ಮೂರು ಸೀರೆ, ಅಪ್ಪನ ಎರಡು ಪ್ಯಾಂಟು ಗುಡ್ಡೆ ಹಾಕಿ
ಒಂದು ಸ್ಟೀಲು ಡಬರಿಗೆ ಅರ್ಧ ದಿನ ಜಗ್ಗಾಡಿದವಳು.
ಆ ಪ್ಯಾಂಟು ಯಾರ ಕಾಲಿಗೆ ಹೋಯಿತೆಂದು
ನಾವು ಒಮ್ಮೆಯೂ ಕೇಳಲಿಲ್ಲ.
ಡಬರಿಯಲ್ಲಿ ಸಾರು ಕುದಿಯುತ್ತಿತ್ತು.

ಎರಡು ವಾರ ಕಳೆದು, ಬಸ್ ನಿಲ್ದಾಣ. ನ್ಯೂಕಾಸಲ್ ಬಸ್ಸು ತಡ.
ಪಕ್ಕದಲ್ಲಿ ಗಾಲಿಚೀಲ ಹಿಡಿದ ಮುದುಕಿ
ರಸ್ತೆ ನೋಡುವುದು ಬಿಟ್ಟು
ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಾಳೆ.
ಗುಂಡಿ.
"ಆವತ್ತು," ಅಂದಳು, "ಕರೀ ದಾರ ಮುಗಿದಿತ್ತು."

ನಾನು ಏನನ್ನಲಿ?
ಕ್ಷಮಿಸಿ ಅನ್ನಲೇ, ಆರು ಪೌಂಡು ಅನ್ನಲೇ?
ಬಿಚ್ಚಿಕೊಡಲು ಕೈ ಕಾಲರಿಗೆ ಹೋಯಿತು.
"ಬೇಡ ಬೇಡ, ಚಳಿ.
ಎಡಗಡೆ ಜೇಬು ತೂತು, ಗೊತ್ತಾಯಿತಾ?
ಇಟ್ಟದ್ದೆಲ್ಲ ಅಸ್ತರಿಗೆ ಇಳಿಯುತ್ತದೆ.
ಕೊಡು ಹೊಲಿಯುತ್ತೇನೆ ಅಂತ ಎಷ್ಟು ವರ್ಷ ಹೇಳಿದೆ,
ವಿಲ್ಫ್ ಕೋಟು ಬಿಚ್ಚಿದರೆ ತಾನೇ!"

ಅಲ್ಲೇ ನಿಂತು ಇಬ್ಬರೂ ತಡವಿದೆವು
ನನ್ನ ತೊಡೆಯ ಹತ್ತಿರ, ಅಸ್ತರಿನ ತಳದಲ್ಲಿ,
ಅವರೇಕಾಯಿ ಸುಲಿದ ಹಾಗೆ ಒಂದೊಂದೇ ಮೇಲೆ ತಳ್ಳುತ್ತ:
ಕಾಗದ ಕಚ್ಚಿಕೊಂಡ ಪೆಪ್ಪರ್‌ಮಿಂಟು.
ಬಳ್ಳಿ ಕಟ್ಟುವ ಹುರಿ, ಒಂದು ಗೇಣು.
ಒಂದು ಬೀಗದ ಕೈ.

ಅದನ್ನು ಬೆಳಕಿಗೆ ಹಿಡಿದಳು.
"ಶೆಡ್ಡಿನದು! ಮಾರ್ಚಿನಲ್ಲಿ ಬೀಗ ಒಡೆಸಿದೆವು, ಅರವತ್ತು ಪೌಂಡು!
ನಾನೇ ಕಳೆದೆ ಅಂತ
ಈಸ್ಟರ್ ಮುಗಿಯುವ ತನಕ ಗೊಣಗಿದ."
ಎಷ್ಟು ಜೋರಾಗಿ ನಕ್ಕಳೆಂದರೆ
ಎದುರಿನ ಮಾಂಸದಂಗಡಿಯವನು ಬಗ್ಗಿ ನೋಡಿದ.
"ಸುಳ್ಳ," ಅಂದಳು ಕೀಲಿಗೆ. "ದೊಡ್ಡ ಸುಳ್ಳ."

ಬಸ್ಸು ಬಂತು. ಕೀಲಿಯನ್ನು ನನ್ನ ಬಲಜೇಬಿಗೆ ಹಾಕಿ
ಮೇಲಿಂದ ತಟ್ಟಿದಳು: "ಕೋಟಿನ ಜೊತೆ ಬಂದದ್ದು, ನಿನ್ನದೇ."
ಪೆಪ್ಪರ್‌ಮಿಂಟು ಮಾತ್ರ ವಾಪಸು ಕೊಡಲಿಲ್ಲ.

ಜೇಬು ಹೊಲಿಯಬೇಕು.
ಸೂಜಿಗೆ ದಾರ ಪೋಣಿಸಿಟ್ಟು ನಾಲ್ಕು ದಿನವಾಯಿತು.
ಕೋಟು ಬಿಚ್ಚಬೇಕಲ್ಲ,
ಮನೆ ಇನ್ನೂ ಬೆಚ್ಚಗಾಗಿಲ್ಲ.