ಪಾಸು ತೋರಿಸಿ

ಕುತೈಸಿಯ ಆ ಕಟ್ಟಡದ ಲಿಫ್ಟು
ಹತ್ತು ತೇತ್ರಿಯ ಬಿಲ್ಲೆ ನುಂಗದೆ ಮೇಲೇಳುವುದಿಲ್ಲ.
ಏಳನೇ ಮಹಡಿ. ಲಮಾರಾ ಚಿಕ್ಕಮ್ಮನ ಬಾಗಿಲಿಗೆ
ಮೂರು ಬೀಗ, ಒಂದು ಸರಪಳಿ,
ಒಳಗಿಂದ ಒಂದು ಕೆಮ್ಮು:
"ಯಾರು?"
"ಕಂಪ್ಯೂಟರಿನ ಹುಡುಗ."
ನನಗೀಗ ನಲವತ್ತಾರು.

ಮೇಜಿನ ಮೇಲೆ, ಹೋದ ಚಳಿಗಾಲ
ಲಿನಕ್ಸ್ ಹಾಕಿ ನಾನೇ ಬದುಕಿಸಿದ ಹಳೇ ಡಬ್ಬಿ.
ಪರದೆಯ ನಡುವೆ ಅವಳ ಹೆಸರು, ಒಂದೇ ಹೆಸರು,
ಕೆಳಗೆ ಖಾಲಿ ಪಟ್ಟಿ, ಮಿನುಗುವ ಗೀಟು.
"ಇದನ್ನು ತೆಗೆದುಬಿಡು" ಅಂದಳು.
"ದಿನ ಬೆಳಗಾದರೆ ಕೇಳುವುದೇ ಇದರ ರೋಗ.
ಈ ಮನೆಯಲ್ಲಿ ನಾನೊಬ್ಬಳೇ.
ಬೆಕ್ಕಿಗೆ ಟೈಪು ಬರುವುದಿಲ್ಲ."

ಮೂವತ್ತೊಂದು ವರ್ಷ
ಟ್ರಕ್ ಕಾರ್ಖಾನೆಯ ಎರಡನೇ ಗೇಟಿನಲ್ಲಿ ಕೂತು
ಬಂದವರನ್ನೆಲ್ಲ ಪಾಸು ಕೇಳಿದವಳು ಇವಳು.
ಸ್ವಂತ ತಮ್ಮ ವಾಲಿಕೋ, ಒಂದೇ ಬಸ್ಸಿನಲ್ಲಿ
ಪಕ್ಕದಲ್ಲೇ ಕೂತು ಬಂದವನು,
ಅವನನ್ನೂ.
ಒಮ್ಮೆ ಮರೆತು ಬಂದನಂತೆ. ಮನೆಗೆ ಅಟ್ಟಿದಳಂತೆ.
ಅರ್ಧ ದಿನದ ಸಂಬಳ ಹೋಗಿ
ಈಸ್ಟರಿನ ತನಕ ಮಾತು ಬಿಟ್ಟಿದ್ದ.
ಆಮೇಲೆ ಕಾರ್ಖಾನೆ ನಿಂತಿತು,
ಯಂತ್ರಗಳು ಗುಜರಿಗೆ ಹೋದವು.
ಕೋಟೆ ಸೂರೆಯಾದ ಮೇಲೂ
ದಿಡ್ಡಿ ಬಾಗಿಲು ಕಾದಳು ಎಂಟು ತಿಂಗಳು, ಸಂಬಳವಿಲ್ಲದೆ,
ಹೊರಗೆ ಹೋಗುವ ಕಬ್ಬಿಣಕ್ಕೂ ಪಾಸು ಕೇಳುತ್ತ.

"ನೀವೂ ಕೇಳುತ್ತಿದ್ದಿರಲ್ಲ" ಅಂದೆ, ನಗುತ್ತ.
ಅವಳು ನಗಲಿಲ್ಲ.
"ನಾನು ಗುರುತಿದ್ದೂ ಕೇಳುತ್ತಿದ್ದೆ.
ಇದು ಗುರುತಿಲ್ಲದೆ ಕೇಳುತ್ತದೆ.
ಎರಡು ವರ್ಷ ಎದುರಿಗೇ ಕೂತರೂ
ನನ್ನ ಮುಖ ಕಲಿಯಲಿಲ್ಲ, ದಡ್ಡಮುಂಡೇದು."

ಬಳಕೆದಾರರು ಎಂಬ ಪುಟ ತೆರೆದೆ.
ತಾನಾಗಿ ಒಳಗೆ ಬಿಡುವ ಗುಂಡಿ ಮಂಕಾಗಿ ಮಲಗಿತ್ತು.
ಮೊದಲು ಪುಟದ ಬೀಗ ತೆಗೆಯಬೇಕು,
ಆ ಬೀಗಕ್ಕೆ ಪಾಸ್‌ವರ್ಡು ಬೇಕು.
ಇನ್ನು ಕೇಳಬೇಡ ಎಂದು ಹೇಳುವುದಕ್ಕೂ
ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು.
"ಹೇಳಿ, ನಾನೇ ಹೊಡೆಯುತ್ತೇನೆ."
"ಆ ಕಡೆ ತಿರುಗು."

ಕಿಟಕಿಗೆ ತಿರುಗಿದೆ.
ಎದುರು ಕಟ್ಟಡಕ್ಕೆ ಎಳೆದ ರಾಟೆಯ ಹಗ್ಗದ ಮೇಲೆ
ಯಾರದೋ ಚಾದರ ಗಾಳಿಯ ಮಧ್ಯೆ ನಿಂತಿತ್ತು.
ಬೆನ್ನ ಹಿಂದೆ ಒಂದೊಂದೇ ಕೀಲಿಯ ಸದ್ದು:
ನಾಲ್ಕು. ಒಂದು ನಿಟ್ಟುಸಿರು. ಮತ್ತೆ ಏಳು.
ಹೆಸರೋ, ತಾರೀಖೋ, ಹಳೇ ಬಸ್ಸಿನ ನಂಬರೋ
ಎಂದು ಎಣಿಸುತ್ತಿದ್ದವನು ನಾಚಿಕೊಂಡು
ಎಣಿಸಿದ್ದನ್ನು ಮರೆಯಲು ನೋಡಿದೆ.
ಹನ್ನೊಂದು, ಹಾಳಾದ್ದು, ಮರೆಯುವ ಸಂಖ್ಯೆಯಲ್ಲ.

ಗುಂಡಿ ಬಲಕ್ಕೆ ಜಾರಿ ಬಣ್ಣ ತಿರುಗಿತು.
ಆರಿಸಿ, ಮತ್ತೆ ಹಚ್ಚಿದೆವು.
ಹೆಸರಿಲ್ಲ, ಪಟ್ಟಿಯಿಲ್ಲ, ನೇರ ಒಳಕ್ಕೆ:
ಅವಳ ಚದುರಂಗ, ಅವಳ ಹವಾಮಾನ,
ವಾಲಿಕೋನ ಸಮಾಧಿಯ ಬೇಲಿಗೆ
ಹೊಸದಾಗಿ ನೀಲಿ ಬಳಿದ ಫೋಟೋ.

ಮೇಲ್ ತೆರೆಯಹೋದಳು.
ಬೂದು ಚೌಕವೊಂದು ಎದ್ದು ಅಡ್ಡ ನಿಂತಿತು:
ಕೀಲಿಗೊಂಚಲಿಗೆ ಬೀಗ ಬಿದ್ದಿದೆ. ಪಾಸ್‌ವರ್ಡು?

ಗೊತ್ತಿದ್ದದ್ದೇ.
ಬಾಗಿಲು ತಾನೇ ತೆರೆದುಕೊಂಡ ದಿನ
ಕೀಲಿಗೊಂಚಲಿನ ಕಿವಿಯಲ್ಲಿ
ಯಾರೂ ಗುಟ್ಟು ಹೇಳಿರುವುದಿಲ್ಲ.
"ಇದನ್ನೂ ಖಾಲಿ ಮಾಡಬಹುದು. ಒಂದು ನಿಮಿಷ."
ಅವಳು ಕನ್ನಡಕ ಏರಿಸಿ
ಆ ಚೌಕವನ್ನು ತುಂಬ ಹೊತ್ತು ನೋಡಿದಳು.
"ಒಳಗೊಬ್ಬ ಇದ್ದಾನೆ ಅನ್ನು."
"ಇದ್ದಾನೆ."
"ಗೇಟು ಕಳಕೊಂಡೂ ಕೂತಿದ್ದಾನೆ.
ಇರಲಿ ಬಿಡು. ಅವನ ಕೆಲಸ ನಾನು ತೆಗೆಯುವುದಿಲ್ಲ.
ತಿರುಗು ಆ ಕಡೆ."

ಕೂಲಿಯ ಜೊತೆಗೆ, ಬೇಡವೆಂದರೂ,
ಹುಳಿ ಪ್ಲಮ್ಮಿನ ಗೊಜ್ಜು, ಎರಡು ಸೀಸೆ.
ಇಳಿಯುವಾಗ ಲಿಫ್ಟು ದುಡ್ಡು ಕೇಳಲಿಲ್ಲ.

ನನ್ನ ಮನೆ ಬಾಗಿಲಲ್ಲಿ ಎರಡೂ ಕೈ ತುಂಬಿ,
ಕೀಲಿ ಎಲ್ಲೋ ಒಳಜೇಬಿನಲ್ಲಿ.
ಮೊಣಕೈಯಿಂದ ತಟ್ಟಿದೆ.
"ಯಾರು?"
ಒಳಗಿಂದ ಇರ್ಮಾ. ಹದಿನೆಂಟು ವರ್ಷದಿಂದ
ಕೇಳುತ್ತಾಳೆ, ಹೆಜ್ಜೆ ಸದ್ದಿಗೇ ಗುರುತಿದ್ದೂ.
"ನಾನು" ಅಂದೆ.
ಎರಡೇ ಅಕ್ಷರ. ಅಂಕಿಯಿಲ್ಲ, ಚಿಹ್ನೆಯಿಲ್ಲ,
ಊರವರೆಲ್ಲ ಬಳಸುವ ಅದೇ ಪಾಸ್‌ವರ್ಡು.
ಚಿಲಕ ಸರಿಯಿತು.