ಸಾಲು ಇನ್ನೂರ ಹದಿನೇಳು

ಮೊಂಬಾಸಾದಲ್ಲಿ ಕಡತ ಕಟ್ಟುವುದೂ ಮೀನು ಕಟ್ಟಿದಂತೆಯೇ:
ಮೊದಲು ಬೆನ್ನು, ಆಮೇಲೆ ಹೊಟ್ಟೆ, ಕೊನೆಗೊಂದು ಗಂಟು.
ಹನ್ನೊಂದು ಸಂಪುಟ. ಕತ್ತಾಳೆ ದಾರ ಸಾಲದೆ
ಕೆಳಗಿನ ಅಂಗಡಿಯಿಂದ ಇನ್ನೊಂದು ಉಂಡೆ ತರಿಸಿದೆ,
ನನ್ನದೇ ದುಡ್ಡಲ್ಲಿ. ಸರಕಾರ ಕೊಟ್ಟರೆ ಕೊಟ್ಟೀತು.

ದಾವೆ ಇಷ್ಟೇ. ಮ್ವಾನಾಕೊಂಬೊ ಎಂಬಾಕೆ
ಲಾಮುವಿನ ದೋಣಿಗಳಿಂದ ಕೊಂಡ ಒಂಬತ್ತು ಟನ್ ಆಕ್ಟೋಪಸ್
ಕಂಪನಿಯ ಥಂಡಿ ಗೋದಾಮಿನಲ್ಲಿಟ್ಟಳು.
ಮೂರು ರಾತ್ರಿ ಯಂತ್ರ ನಿಂತಿತ್ತು.
ನಿಂತಿಲ್ಲ, ಎನ್ನುತ್ತದೆ ಕಂಪನಿ.
ನಿಂತರೂ ನಮ್ಮಿಂದಲ್ಲ, ಎನ್ನುತ್ತದೆ ಮುಂದಿನ ಪುಟದಲ್ಲಿ.
ಅದಕ್ಕೂ ಮುಂದಿನ ಪುಟದಲ್ಲಿ: ನಿಂತಿತೋ ಇಲ್ಲವೋ
ಕೇಳಬೇಕಾದವರು ನೀವಲ್ಲ,
ಕರಾರಿನ ಮೂವತ್ತೊಂದನೆಯ ಕಲಮು ನೋಡಿ,
ವ್ಯಾಜ್ಯವೇನಿದ್ದರೂ ನೈರೋಬಿಯಲ್ಲಿ.

ನೋಡಿದೆವು. ಇತ್ತು.
ಇರುವೆಯಷ್ಟು ಸಣ್ಣಕ್ಷರದಲ್ಲಿ
ಬೆಳಕಿಗೆ ಬೆನ್ನು ಹಾಕಿ ಮಲಗಿತ್ತು.

ಎರಡು ವರ್ಷ ವಾದಿಸಿದ್ದು ಇದೊಂದನ್ನೇ,
ಎಲ್ಲಿ ಜಗಳವಾಡಬೇಕೆಂಬ ಜಗಳ.
ಆಕ್ಟೋಪಸ್ಸಿನ ಹೆಸರು ಯಾರೂ ಎತ್ತಲಿಲ್ಲ.
ಆಕೆಯ ವಕೀಲ ಅಂದ: ಸಾಕ್ಷಿಗಳೆಲ್ಲ ಇಲ್ಲಿಯವರು ಸ್ವಾಮಿ,
ಐಸು ಹೊರುವ ಹುಡುಗರು, ದಿನಗೂಲಿಯವರು,
ಹೋಗಲೊಂದು ರಾತ್ರಿ ಬಸ್ಸು, ಬರಲೊಂದು ರಾತ್ರಿ,
ಕಂಡದ್ದು ಹೇಳಿದ್ದಕ್ಕೆ ಎರಡು ದಿನದ ಕೂಲಿ ಖೋತಾ.
ಕಂಪನಿಯ ವಕೀಲ ಕೋಟಿನ ಗುಂಡಿ ಹಾಕುತ್ತ ಎದ್ದು
ನೈರೋಬಿಯಲ್ಲಿ ಹವೆಯಾದರೂ ತಂಪು ಅಂದ.
ನ್ಯಾಯಾಧೀಶರೂ ನಕ್ಕರು.
ನಮ್ಮ ಫ್ಯಾನು ಆಗ ನಿಂತಿತ್ತು.

ಆದೇಶ ಒಂದೂವರೆ ಪುಟ: ವರ್ಗಾಯಿಸತಕ್ಕದ್ದು.

ನಿಶಾನೆ ನಾಲ್ಕು, ಗೋದಾಮಿನ ಬಾಗಿಲಿನ ರಬ್ಬರು ಪಟ್ಟಿ, ಗೇಣುದ್ದ.
ಅದು ಬಂದ ದಿನದಿಂದ ನನ್ನ ಕಪಾಟಿಗೆ ಕೊಳೆತ ಕಡಲಿನ ನಾತ.
ಲವಂಗ ಇಟ್ಟೆ, ನಿಂಬೆ ಸಿಪ್ಪೆ ಇಟ್ಟೆ,
ಕೊನೆಗೆ ಹಿರಿಯ ಗುಮಾಸ್ತ ಜುಮಾನೆಗೆ ದೂರಿತ್ತೆ.
ಮೂಗು ಮುಚ್ಚಿಕೊಂಡೇ ಅಂದ,
ಈ ಕೇಸಿನಲ್ಲಿ ಮಾತು ಬದಲಿಸದ ಸಾಕ್ಷಿ ಇದೊಂದೇ ಕಣಮ್ಮ.
ಅದನ್ನೂ ಕಟ್ಟಿದೆ. ಅರಗು ಒತ್ತಿದೆ.

ದಾಖಲೆ ಪುಸ್ತಕದ ಕೊನೆಯ ಅಂಕಣದಲ್ಲಿ
ಗೆದ್ದರು, ಸೋತರು, ರಾಜಿಯಾದರು, ಎಷ್ಟೋ ಸಲ ತೀರಿಕೊಂಡರು.
ಇನ್ನೂರ ಹದಿನೇಳಕ್ಕೆ ಇದ್ಯಾವುದೂ ಅಲ್ಲ.
ಕೆಂಪು ಶಾಯಿಯಲ್ಲಿ 'ಹೋಯಿತು' ಎಂದು ಬರೆದೆ,
ಸರಿಕಾಣದೆ ಹೊಡೆದು ಹಾಕಿ
'ವರ್ಗಾವಣೆ' ಎಂದು ಬರೆದೆ. ವ್ಯಾನಿನವ ಹಾರ್ನ್ ಹೊಡೆಯುತ್ತಿದ್ದ.

ಮುಂದಿನ ಮಂಗಳವಾರ ಮ್ವಾನಾಕೊಂಬೊ ಬಂದಳು.
ಅದೇ ಬೆಂಚು, ಅದೇ ಕಪ್ಪು ಬುಯಿಬುಯಿ ನಿಲುವಂಗಿ,
ಮಡಿಲಲ್ಲಿ ರಸೀದಿ ತುಂಬಿದ ಬಿಸ್ಕತ್ತಿನ ಡಬ್ಬ.
ಇವತ್ತು ನನ್ನನ್ನು ಕೂಗುವುದಿಲ್ಲವೇ?
ಇಲ್ಲ ತಾಯಿ. ನಿಮ್ಮ ಹೆಸರು ಇಲ್ಲಿಲ್ಲ.
ಎಲ್ಲಿದೆ?
ಚೀಟಿಯಲ್ಲಿ ಬರೆದುಕೊಟ್ಟೆ: ಕಟ್ಟಡ, ಮಹಡಿ, ಹೊಸ ನಂಬರು.
ತಿರುಗಿಸಿ ಮುರುಗಿಸಿ ನೋಡಿದಳು. ಓದು ಬಾರದವಳಲ್ಲ,
ಒಂಬತ್ತು ಟನ್ನಿನ ಲೆಕ್ಕ ಕಿಲೋ ಕಿಲೋ ಬಾಯಲ್ಲೇ ಹೇಳುವವಳು.
ಅಲ್ಲಿ ಕಡಲಿದೆಯೇ? ಕೇಳಿದಳು.
ಇಲ್ಲ.
ಹಾಗಾದರೆ ಈ ಸೆಕೆಗೆ ಮೂರು ರಾತ್ರಿ ಅಂದರೆ ಎಷ್ಟು ಅಂತ
ಆ ನ್ಯಾಯಾಧೀಶರಿಗೆ ಯಾರು ಹೇಳುತ್ತಾರೆ?

ಕಾಫಿಯವ ಬಟ್ಟಲು ಕಿಣಿಕಿಣಿಸುತ್ತ ಬಂದ.
ಎರಡು ತಗೊಂಡೆ.

ತಿಂಗಳು ಬಿಟ್ಟು ನೈರೋಬಿಯಿಂದ ಸ್ವೀಕೃತಿ.
ಸಂಪುಟ ಹನ್ನೊಂದು, ಸರಿ. ಅರಗು, ಸರಿ.
ನಿಶಾನೆ ನಾಲ್ಕು: ರಬ್ಬರು ತುಂಡು, ಒಂದು.
ಮುಂದೆ ಏನಾದರೂ ಇದೆಯೇ ಎಂದು ಹಾಳೆ ಮಗುಚಿದೆ.

ಕಪಾಟಿನ ಬಾಗಿಲು ತೆರೆದರೆ ನಾತ ಇಲ್ಲೇ ಇತ್ತು.
ಬೆಳಿಗ್ಗೆ ಹೊಸ ಲವಂಗ ತಂದಿದ್ದೆ.
ಹಾಕಲಿಲ್ಲ.